ಟೀಮ್ಸ್ ಕಾಲ್ ಕ್ಯೂ: ಎಲ್ಲ ಕರೆ ಒಬ್ಬರಿಗೇ ಯಾಕೆ?

ಪ್ರಶ್ನೆ: ನಾವು ಐದು ಜನ ಫೋನ್ ಎತ್ತುತ್ತೇವೆ. ಮೈಕ್ರೋಸಾಫ್ಟ್ ಟೀಮ್ಸ್‌ನಲ್ಲಿ ನಾನೇ ಕಾಲ್ ಕ್ಯೂ (ಬರುವ ಕರೆಗಳನ್ನು ಸಾಲಿನಲ್ಲಿಟ್ಟು ನಮಗೆ ಹಂಚುವ ವ್ಯವಸ್ಥೆ) ಮಾಡಿದೆ, ಆದರೆ ಪ್ರತಿ ಕರೆಯೂ ಮೊದಲು ಪಟ್ಟಿಯ ಮೊದಲನೆಯವರಿಗೇ ಹೋಗುತ್ತದೆ, ಅವರು ಎತ್ತದಿದ್ದರೆ ಮಾತ್ರ ಮುಂದಿನವರಿಗೆ. ಪಾಪ, ಅವರು ಬೈಯುತ್ತಿದ್ದಾರೆ. ಎಲ್ಲಿ ಎಡವಿದೆ?

ಉತ್ತರ 1: ಸೀರಿಯಲ್ ರೂಟಿಂಗ್ (ಪ್ರತಿ ಕರೆಯನ್ನೂ ಪಟ್ಟಿಯ ಮೊದಲಿನಿಂದಲೇ ಕಳಿಸುವ ವಿಧಾನ) ಆರಿಸಿದ್ದೀರಿ, ಅಲ್ವಾ? ರೌಂಡ್ ರಾಬಿನ್ ಮಾಡಿ, ಕರೆಗಳು ಸರದಿಯಲ್ಲಿ ಹಂಚಿಹೋಗುತ್ತವೆ. ಅಟೆಂಡೆಂಟ್ ರೂಟಿಂಗ್ ಮಾತ್ರ ಬೇಡ, ಐದೂ ಫೋನ್ ಒಟ್ಟಿಗೆ ಬಡಿದುಕೊಳ್ಳುತ್ತವೆ.

ಉತ್ತರ 2: ಪ್ರೆಸೆನ್ಸ್ ರೂಟಿಂಗ್ ಕೂಡ ಆನ್ ಮಾಡಿ, ಟೀಮ್ಸ್‌ನಲ್ಲಿ ಬಿಡುವಾಗಿದ್ದಾರೆ ಎಂದು ತೋರಿಸುವವರಿಗೆ ಮಾತ್ರ ಕರೆ ಹೋಗುತ್ತದೆ. ಮೀಟಿಂಗ್‌ನಲ್ಲಿ ಇರುವವರಿಗೆ ಸುಮ್ನೆ ರಿಂಗ್ ಆಗುತ್ತಾ ಕೂತರೆ ಗ್ರಾಹಕ ಕಾಯಬೇಕು. ಅಲರ್ಟ್ ಟೈಮ್ (ಮುಂದಿನವರಿಗೆ ಹೋಗುವ ಮೊದಲು ಒಬ್ಬರಿಗೆ ರಿಂಗ್ ಆಗುವ ಸಮಯ) 30 ಸೆಕೆಂಡ್ ಇದ್ದರೆ ಜಾಸ್ತಿಯಾಯಿತು, 20ಕ್ಕೆ ಇಳಿಸಿ.

ಕೇಳಿದವರು: ಸೀರಿಯಲ್ಲೇ ಇತ್ತು! ಬದಲಾಯಿಸಿದೆ. ಈಗ ನನಗೂ ಕರೆ ಬರುತ್ತಿದೆ, ಅಯ್ಯೋ.