ಡಿಪ್ರೆಶನ್ ಮತ್ತೆ ಮತ್ತೆ ಬರ್ತಿದೆ, ಹೇಗೆ ನಿಭಾಯಿಸ್ತೀರ?

ಪ್ರಶ್ನೆ: ಮತ್ತೆ ಶುರುವಾಗಿದೆ ಕಣ್ರೀ. ಸ್ನಾನಕ್ಕೂ ಮನಸಿಲ್ಲ, ಮೆಸೇಜ್‌ಗಳು ಓದದೆ ಹಾಗೇ ಬಿದ್ದಿವೆ, ಬೆಳಗಿನ ಜಾವ ಎಚ್ಚರ ಆದ್ರೆ ಆಮೇಲೆ ನಿದ್ದೆನೇ ಇಲ್ಲ. ಪ್ರತಿ ಸಲ ವಾಪಸ್ ಬರೋದಾದ್ರೆ ಮಾತ್ರೆ ಯಾಕೆ, ನಿಲ್ಲಿಸಿಬಿಡ್ಲಾ?

ಉತ್ತರ 1: ದಿಢೀರ್ ಅಂತ ನಿಲ್ಲಿಸ್ಬೇಡಿ ಪ್ಲೀಸ್, ತಲೆಸುತ್ತು ಕಿರಿಕಿರಿ ಎಲ್ಲ ಶುರುವಾಗಬಹುದು, ಡಾಕ್ಟರ್ ಹತ್ರ ಹೇಳಿದ್ರೆ ಡೋಸ್ ಬದಲಾಯಿಸ್ತಾರೆ. ಪದೇ ಪದೇ ಬರೋರಿಗೆ ಹುಷಾರಾದ್ಮೇಲೂ 2 ವರ್ಷ ಮುಂದುವರಿಸಿ ಅನ್ನೋದುಂಟು.

ಉತ್ತರ 2: ನಂಗೂ ಮೊದಲು ಕೆಡೋದು ನಿದ್ದೆನೇ, ಅದು ಕಂಡ ತಕ್ಷಣ ಅಪಾಯಿಂಟ್‌ಮೆಂಟ್ ತಗೋತೀನಿ. ಮನಸು ಬರಲಿ ಆಮೇಲೆ ಮಾಡೋಣ ಅಂತ ಕಾದ್ರೆ ಆಗಲ್ಲ, ಹಲ್ಲುಜ್ಜಿ ಗೇಟ್ ತನಕ ಹೋಗಿ ಬಂದ್ರೂ ಸಾಕು (ಪಾಸಿಟಿವ್ ಆಗಿರಿ ಅನ್ನೋರನ್ನ ಬಿಟ್ಹಾಕಿ).

ಉತ್ತರ 3: ಸಾಯೋ ಯೋಚನೆ ಏನಾದ್ರೂ ಬರ್ತಿದ್ಯಾ? ಬಂದ್ರೆ ಅಪಾಯಿಂಟ್‌ಮೆಂಟ್‌ಗೆ ಕಾಯ್ಬೇಡಿ, ಮನೇಲಿ ಯಾರಿಗಾದ್ರೂ ಹೇಳಿ ಇವತ್ತೇ ಎಮರ್ಜೆನ್ಸಿಗೆ ಹೋಗಿ.