ಓಣಿಯ ಶಾಲೆ ಮೂರು ಪಟ್ಟು ದೊಡ್ಡದಾಗಲಿದೆ: ಆಕ್ಷೇಪಣೆಯನ್ನು ಎಲ್ಲಿ, ಹೇಗೆ ಸಲ್ಲಿಸಬೇಕು? (ವಡಗಾವಿ, ಬೆಳಗಾವಿ)

ಪ್ರಶ್ನೆ: ವಡಗಾವಿ ನಿವಾಸಿ

ನಮ್ಮ ಮನೆ ವಡಗಾವಿಯಲ್ಲಿ, ಮನೆಗಳ ಸಾಲು ಮುಗಿದು ಗದ್ದೆಗಳು ಆರಂಭವಾಗುವ ಅಂಚಿನಲ್ಲಿದೆ. ಓಣಿಯ ತುದಿಯಲ್ಲಿರುವ ಖಾಸಗಿ ಶಾಲೆಯಲ್ಲಿಯೇ ನನ್ನ ಮಗಳು ಹತ್ತನೆಯ ತರಗತಿಯವರೆಗೆ ಓದಿದ್ದಾಳೆ, ಮತ್ತು ಅಲ್ಲಿನ ಶಿಕ್ಷಕರ ಬಗ್ಗೆ ನನಗೆ ಇಂದಿಗೂ ಗೌರವವಿದೆ. ಆದರೆ ಆಡಳಿತ ಮಂಡಳಿಯವರು ಹಿಂಬದಿಯ ಮೂರು ಎಕರೆ ಗದ್ದೆಯನ್ನು ಖರೀದಿಸಿದ್ದು, ಅಲ್ಲಿ ಪದವಿಪೂರ್ವ ಕಾಲೇಜು, ಹಾಸ್ಟೆಲ್ ಹಾಗೂ ಸಭಾಂಗಣ ಕಟ್ಟಿಸುವುದಾಗಿ ಪಾಲಕರಿಗೆ ಹಂಚಿದ ಪತ್ರದಲ್ಲಿ ತಿಳಿಸಿದ್ದಾರೆ. ಈಗಿರುವ ಮಕ್ಕಳು ಸುಮಾರು ಒಂದು ಸಾವಿರ. ವಿಸ್ತರಣೆಯ ನಂತರ ಮೂರು ಸಾವಿರ. ಹೊಸ ಕಟ್ಟಡದ ವಿಸ್ತೀರ್ಣ 2,40,000 ಚದರ ಅಡಿ ಎಂದು ಅದೇ ಪತ್ರದಲ್ಲಿದೆ.

ಒಳಬರಲು ಇರುವುದು ನಮ್ಮ ಓಣಿಯ ರಸ್ತೆ ಒಂದೇ. ಈಗಲೇ ಬೆಳಿಗ್ಗೆ ಎಂಟರಿಂದ ಒಂಬತ್ತರವರೆಗೆ ಶಾಲಾ ಬಸ್ಸು, ಆಟೊ, ಕಾರುಗಳ ನಡುವೆ ಒಂದು ಆ್ಯಂಬುಲೆನ್ಸ್ ಕೂಡ ಹೋಗಲಾರದು. ಹಿಂದಿನ ವಾರ ನಾಲ್ಕೈದು ಜನ ಹಿರಿಯರು ಶಾಲೆಗೆ ಹೋಗಿ ಮಾತನಾಡಿದಾಗ, ‘ನೀವು ಮಕ್ಕಳ ಶಿಕ್ಷಣಕ್ಕೇ ಅಡ್ಡ ಬರುತ್ತೀರಾ?’ ಎಂಬ ಮಾತು ಕೇಳಬೇಕಾಯಿತು. ನೂರಾರು ಸಹಿ ಹಾಕಿಸಿ ಮನವಿ ಕೊಡೋಣವೆಂದು ಕೆಲವರು, ಧರಣಿ ಕೂಡೋಣವೆಂದು ಕೆಲವರು ಹೇಳುತ್ತಿದ್ದಾರೆ. ಕಾನೂನಿನ ದೃಷ್ಟಿಯಿಂದ ನಿಲ್ಲುವಂತಹ ಆಕ್ಷೇಪಣೆ ಯಾವುದು ಎಂಬುದನ್ನು ತಿಳಿದವರು ದಯವಿಟ್ಟು ಬರೆಯಬೇಕು.

ಉತ್ತರ 1: ನಿವೃತ್ತ ನಗರ ಯೋಜಕ

ಸಹಿಗಳಿಗಿಂತ ಮೊದಲು ಆ ಮೂರು ಎಕರೆಯ ಉತಾರ (ಪಹಣಿ) ತೆಗೆಸಿರಿ. ಅದರಲ್ಲಿ ಜಮೀನು ಇನ್ನೂ ಕೃಷಿಯೆಂದೇ ಇದ್ದರೆ, ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 95ನೆಯ ಕಲಮಿನಡಿ ಜಿಲ್ಲಾಧಿಕಾರಿಗಳಿಂದ ಭೂಪರಿವರ್ತನೆ, ಅಂದರೆ ನಮ್ಮ ಕಡೆ ಎಲ್ಲರೂ ‘ಎನ್.ಎ.’ ಎನ್ನುವುದು, ಆಗಬೇಕು. ಎರಡನೆಯದಾಗಿ, ಬುಡಾದ (ಬೆಳಗಾವಿ ನಗರಾಭಿವೃದ್ಧಿ ಪ್ರಾಧಿಕಾರದ) ಮಹಾಯೋಜನೆಯ, ಅಂದರೆ ಮಾಸ್ಟರ್ ಪ್ಲಾನಿನ, ನಕ್ಷೆಯಲ್ಲಿ ಆ ಸರ್ವೆ ನಂಬರು ಯಾವ ವಲಯದ ಬಣ್ಣದಲ್ಲಿದೆ ಎಂಬುದನ್ನು ಕಚೇರಿಗೆ ಹೋಗಿ ಕಣ್ಣಾರೆ ನೋಡಿರಿ. ಕೃಷಿ ವಲಯದಲ್ಲಿದ್ದು ಅದನ್ನು ಬೇರೆ ಬಳಕೆಗೆ ಬದಲಿಸಲು ಅರ್ಜಿ ಬಂದಿದ್ದರೆ, ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ, 1961ರ 14-ಎ ಕಲಮಿನ ಪ್ರಕಾರ ಆ ಪ್ರಸ್ತಾವವನ್ನು ದಿನಪತ್ರಿಕೆಯಲ್ಲಿ ಪ್ರಕಟಿಸಿ, ಸಾರ್ವಜನಿಕರಿಂದ ಆಕ್ಷೇಪಣೆ ಕರೆಯಲೇಬೇಕು. ಅದಕ್ಕೆ ಕನಿಷ್ಠ 15 ದಿನ ಕಾಲಾವಕಾಶವಿರುತ್ತದೆ. ಜನ ಸೋಲುವುದು ಬಹುತೇಕ ಇಲ್ಲಿಯೇ. ಒಳಪುಟದ ಮೂಲೆಯಲ್ಲಿ ಬಂದ ಪ್ರಕಟಣೆ ಯಾರ ಕಣ್ಣಿಗೂ ಬೀಳದೆ, ಅಡಿಪಾಯ ತೋಡಿದ ಮೇಲೆ ಓಣಿ ಎಚ್ಚರಗೊಳ್ಳುತ್ತದೆ.

ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿ, ಭೂಬಳಕೆ ಬದಲಾವಣೆಯ ಕಡತ ಹಾಗೂ ಮಹಾನಗರ ಪಾಲಿಕೆಗೆ ಸಲ್ಲಿಸಿದ ಕಟ್ಟಡ ನಕ್ಷೆಯ ಪ್ರತಿಗಳನ್ನು ಕೇಳಿರಿ. ಉತ್ತರಕ್ಕೆ 30 ದಿನಗಳ ಅವಧಿಯಿರುವುದರಿಂದ ಅದನ್ನು ನಂಬಿ ಕೂಡದೆ, ಆಕ್ಷೇಪಣೆಯನ್ನು ಈಗಲೇ ಬುಡಾ ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ‘ಶಾಂತಿ ಭಂಗವಾಗುತ್ತದೆ’ ಎಂದು ಬರೆದರೆ ಅಧಿಕಾರಿಗಳು ಓದಿ ಬದಿಗಿಡುತ್ತಾರೆ. ರಸ್ತೆಯ ಅಗಲವನ್ನು ಟೇಪು ಹಿಡಿದು ಐದು ಕಡೆ ಅಳೆದು ಬರೆಯಿರಿ. ವಲಯ ನಿಯಮಗಳಲ್ಲಿ ರಸ್ತೆಯ ಅಗಲಕ್ಕೂ ಕಟ್ಟಡದ ಗಾತ್ರಕ್ಕೂ ನೇರ ಸಂಬಂಧವಿರುವುದರಿಂದ, ನಕ್ಷೆಯಲ್ಲಿ ತೋರಿಸಿದ ಅಗಲ ಮತ್ತು ನಿಮ್ಮ ಅಳತೆ ಬೇರೆಯಾಗಿದ್ದರೆ ಆ ಒಂದು ಅಂಶವೇ ಕಡತವನ್ನು ನಿಲ್ಲಿಸಬಹುದು.

ಉತ್ತರ 2: ಗದ್ದೆಯ ಪಕ್ಕದವನು

ರಸ್ತೆಯ ಮಾತು ಸರಿಯೇ, ಆದರೆ ನೀರಿನ ಮಾತನ್ನು ಯಾರೂ ಎತ್ತಲಿಲ್ಲ. ವಡಗಾವಿ, ಶಹಾಪುರ, ಅನಗೋಳದ ಈ ಗದ್ದೆಗಳಲ್ಲಿ ಬಾಸಮತಿ ಬೆಳೆಯುವುದು ಬೆಳಗಾವಿಯವರೆಲ್ಲರಿಗೂ ಗೊತ್ತು. ಮಳೆಗಾಲದಲ್ಲಿ ಇವೇ ಗದ್ದೆಗಳು ಊರಿನ ನೀರನ್ನು ಹಿಡಿದಿಟ್ಟುಕೊಂಡು ನಿಧಾನವಾಗಿ ಇಲ್ಲಿಯ ಬಳ್ಳಾರಿ ನಾಲೆಗೆ ಬಿಡುತ್ತವೆ ಎಂಬುದನ್ನು ಮಾತ್ರ ಮರೆಯುತ್ತೇವೆ. ಹೂಳು ತುಂಬಿದ ಆ ನಾಲೆ ಉಕ್ಕಿದಾಗ ನಾಟಿ ಮಾಡಿದ ಸಸಿ ದಿನಗಟ್ಟಲೆ ನೀರಿನಲ್ಲಿ ಕೊಳೆಯುತ್ತದೆ. 2019ರ ಆಗಸ್ಟಿನ ನೆರೆಯಲ್ಲಿ ಏನಾಯಿತೆಂಬುದು ಇಲ್ಲಿಯ ಯಾವ ಮನೆಯವರಿಗೂ ನೆನಪಿಸಬೇಕಾಗಿಲ್ಲ. ಮೂರು ಎಕರೆಗೆ ನಾಲ್ಕಡಿ ಮಣ್ಣು ಹಾಕಿ ಎತ್ತರಿಸಿ, ಸುತ್ತ ಕಂಪೌಂಡ್ ಗೋಡೆ ಎಬ್ಬಿಸಿದರೆ ಅಲ್ಲಿ ನಿಲ್ಲುತ್ತಿದ್ದ ನೀರು ನನ್ನ ಗದ್ದೆಗೂ ನಿಮ್ಮ ಅಂಗಳಕ್ಕೂ ಬರುತ್ತದೆ. ನಕ್ಷೆಯಲ್ಲಿ ಆ ಜಾಗದ ಹಳೆಯ ಕಾಲುವೆಯನ್ನು ತೋರಿಸಿದ್ದಾರೋ ಇಲ್ಲವೋ ಎಂಬುದನ್ನು ಮೊದಲು ನೋಡಿರಿ. ಗದ್ದೆಗಳ ಮೇಲೆ ಹಾಯುವ ಹಲಗಾ–ಮಚ್ಛೆ ಬೈಪಾಸ್ ರಸ್ತೆಯ ವಿಷಯದಲ್ಲಿ ಈ ಭಾಗದ ರೈತರು ವರ್ಷಗಟ್ಟಲೆ ನ್ಯಾಯಾಲಯಕ್ಕೆ ಅಲೆದಾಗ ಊರಿನೊಳಗಿನ ಓಣಿಗಳಿಂದ ಬಂದವರು ಬೆರಳೆಣಿಕೆಯಷ್ಟು ಜನ. ಈ ಸಲವಾದರೂ ಅರ್ಜಿಯಲ್ಲಿ ನಮ್ಮ ಸರ್ವೆ ನಂಬರುಗಳನ್ನೂ ಸೇರಿಸಿಕೊಳ್ಳಿರಿ.

ಉತ್ತರ 3: ಒಬ್ಬ ತಾಯಿ

ನನ್ನ ಅಭಿಪ್ರಾಯ ನಿಮ್ಮೆಲ್ಲರಿಗಿಂತ ಬೇರೆಯಾಗಿದೆ. ಹತ್ತನೆಯ ತರಗತಿ ಮುಗಿಸಿದ ನನ್ನ ಇಬ್ಬರು ಹೆಣ್ಣುಮಕ್ಕಳು ಎರಡು ಬಸ್ಸು ಬದಲಿಸಿ ಕಾಲೇಜಿಗೆ ಹೋಗಿ ಸಂಜೆ ಕತ್ತಲಾದ ಮೇಲೆ ಮನೆ ಸೇರುತ್ತಾರೆ. ಓಣಿಯಲ್ಲಿಯೇ ಕಾಲೇಜು ಬಂದರೆ ನನ್ನಂಥವರಿಗೆ ಅದಕ್ಕಿಂತ ದೊಡ್ಡ ಅನುಕೂಲವಿಲ್ಲ. ಕಾರಿನಲ್ಲಿ ಮಕ್ಕಳನ್ನು ಬಿಟ್ಟು ಬರುವವರಲ್ಲಿ ಅರ್ಧದಷ್ಟು ಜನ ಒಂದು ಕಿಲೋಮೀಟರಿನೊಳಗೆ ವಾಸಿಸುವವರೇ ಅಲ್ಲವೇ? ವಿಸ್ತರಣೆಯೇ ಬೇಡವೆಂದು ಬರೆದರೆ ನಾನು ಸಹಿ ಹಾಕಲಾರೆ. ಹಿಂಬದಿಯಿಂದ ಎರಡನೆಯ ಗೇಟು, ಬಸ್ಸುಗಳು ಆವರಣದೊಳಗೇ ತಿರುಗುವ ಜಾಗ, ಕಾಲುವೆಯ ನೀರು ಹರಿಯಲು ದಾರಿ ಎಂದು ಕೇಳಿದರೆ ಮೊದಲ ಸಹಿ ನನ್ನದು.

ಉತ್ತರ 4: ವಕೀಲ

ಪತ್ರದಲ್ಲಿರುವ ವಿಸ್ತೀರ್ಣವನ್ನು ಯಾರೂ ಪರಿವರ್ತಿಸಿ ನೋಡಿದಂತಿಲ್ಲ. 2,40,000 ಚದರ ಅಡಿಯೆಂದರೆ ಸುಮಾರು 22,300 ಚದರ ಮೀಟರ್. ಪರಿಸರ ಪರಿಣಾಮ ಅಂದಾಜು ಅಧಿಸೂಚನೆ, 2006ರ ಪ್ರಕಾರ 20,000 ಚದರ ಮೀಟರ್ ಹಾಗೂ ಅದಕ್ಕಿಂತ ಹೆಚ್ಚಿನ ನಿರ್ಮಿತ ವಿಸ್ತೀರ್ಣಕ್ಕೆ ಪೂರ್ವ ಪರಿಸರ ಅನುಮತಿ ಬೇಕು. 2014ರ ಡಿಸೆಂಬರಿನ ತಿದ್ದುಪಡಿ ಶಾಲೆ, ಕಾಲೇಜು, ಹಾಸ್ಟೆಲುಗಳನ್ನು ಇದರಿಂದ ಹೊರಗಿಟ್ಟಿತ್ತು. 2025ರ ಜನವರಿ 29ರ ಅಧಿಸೂಚನೆಯಲ್ಲಿಯೂ ಆ ವಿನಾಯಿತಿ ಬಂದಿತ್ತು. ಅದನ್ನು ಸುಪ್ರೀಂ ಕೋರ್ಟ್ 2025ರ ಆಗಸ್ಟ್ 5ರಂದು ರದ್ದುಪಡಿಸಿದೆ. ಆದ್ದರಿಂದ ‘ಶಾಲೆಗೆ ಇದು ಅನ್ವಯಿಸುವುದಿಲ್ಲ’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿರಿ.

ಆದರೆ ಕಟ್ಟಡ ಯೋಜನೆಗಳಿಗೆ ಈ ಅಧಿಸೂಚನೆಯಡಿ ಸಾರ್ವಜನಿಕ ವಿಚಾರಣೆ ನಡೆಸಬೇಕಾಗಿಲ್ಲ. ಯಾರೂ ನಿಮ್ಮನ್ನು ಕರೆದು ಕೇಳುವುದಿಲ್ಲವಾದ್ದರಿಂದ, ಕಾಲುವೆಯ ಛಾಯಾಚಿತ್ರಗಳೊಂದಿಗೆ ರಾಜ್ಯ ಮಟ್ಟದ ಪರಿಸರ ಪರಿಣಾಮ ಅಂದಾಜು ಪ್ರಾಧಿಕಾರಕ್ಕೆ ನೀವೇ ಬರೆಯಬೇಕು. ಇನ್ನೊಂದು ಸೂಕ್ಷ್ಮ: ಕಾಮಗಾರಿಯನ್ನು ಎರಡು ಹಂತಗಳೆಂದು ತೋರಿಸಿ, ಪ್ರತಿ ಹಂತವನ್ನೂ ಮಿತಿಯ ಕೆಳಗೆ ಇಳಿಸುವ ರೂಢಿಯಿದೆ. ಪಾಲಕರಿಗೆ ಕೊಟ್ಟ ಆ ಪತ್ರದ ಮೂಲ ಪ್ರತಿಯನ್ನು ಜೋಪಾನವಾಗಿಡಿರಿ, ಒಟ್ಟು ವಿಸ್ತೀರ್ಣಕ್ಕೆ ಅವರದೇ ಕೈಬರಹದಷ್ಟು ಬಲವಾದ ಸಾಕ್ಷ್ಯ ಅದು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಪತ್ರದ ಪ್ರತಿ ಮನೆಯಲ್ಲಿ ಸಿಕ್ಕಿತು. ರದ್ದಿಗೆ ಹಾಕಲು ಕಟ್ಟಿಟ್ಟಿದ್ದೆವು. ನಿನ್ನೆ ಸಂಜೆ ರಸ್ತೆಯನ್ನು ಅಳೆದಾಗ ತೀರಾ ಇಕ್ಕಟ್ಟಾದ ಕಡೆ ಗಟಾರವನ್ನೂ ಹಿಡಿದು ಹತ್ತೊಂಬತ್ತು ಅಡಿ ಬಂದಿತು. ಧರಣಿಯ ವಿಚಾರವನ್ನು ಸದ್ಯಕ್ಕೆ ಕೈಬಿಟ್ಟಿದ್ದೇವೆ. ತಾಯಿಯೊಬ್ಬರು ಬರೆದ ಮೂರು ಬೇಡಿಕೆಗಳನ್ನೇ ಅರ್ಜಿಯ ಮೊದಲಿಗೆ ಇಟ್ಟು, ನೀರಿನ ವಿಷಯವನ್ನೂ ಪಕ್ಕದ ಗದ್ದೆಗಳ ಸರ್ವೆ ನಂಬರುಗಳನ್ನೂ ಸೇರಿಸುತ್ತೇವೆ. ನಮ್ಮ ಓಣಿಯಲ್ಲಿ ಮರಾಠಿ ಮಾತ್ರ ಓದಬಲ್ಲ ಹಿರಿಯರು ಹಲವರಿರುವುದರಿಂದ, ಸಹಿಗೆ ಮೊದಲು ಅವರಿಗೆ ಅರ್ಜಿಯನ್ನು ಮರಾಠಿಯಲ್ಲಿ ಓದಿ ಹೇಳಲು ಇಬ್ಬರು ಹುಡುಗರು ಒಪ್ಪಿದ್ದಾರೆ. ಸೋಮವಾರ ಉತಾರ ತೆಗೆಸಿಕೊಂಡು ಬುಡಾ ಕಚೇರಿಗೆ ಹೋಗಲಿದ್ದೇವೆ. ನಕ್ಷೆಯಲ್ಲಿ ಆ ಕಾಲುವೆ ಇದೆಯೋ ಇಲ್ಲವೋ ಎಂಬುದನ್ನು ಬಂದು ಬರೆಯುತ್ತೇನೆ.