ಕಂಪ್ರೆಸರ್ ಎಣ್ಣೆ ಕುಡೀತಿದೆ, ಡ್ರೈನ್‌ನಲ್ಲಿ ಕಪ್ಪು ನೀರು: ಸ್ಪ್ಲಾಶ್ ಬಿಟ್ಟು ಪ್ರೆಶರ್ ಲೂಬ್ರಿಕೇಶನ್ ಯಂತ್ರ ತಗೊಳ್ಳಬೇಕಾ?

ಬಂಡೆಮೀನು

ಎಲ್ಲರಿಗೂ ನಮಸ್ಕಾರ. ಮುರುಡೇಶ್ವರದ ಒಂದು ಸಣ್ಣ ಡೈವ್ ಸೆಂಟರಿನಲ್ಲಿ ಟ್ಯಾಂಕ್ ತುಂಬಿಸುವ ಕೆಲಸ ನನ್ನದು. ಬೆಳಿಗ್ಗೆ ದೋಣಿ ನೇತ್ರಾಣಿ ದ್ವೀಪಕ್ಕೆ ಹೊರಡುವಷ್ಟರಲ್ಲಿ 16 ಟ್ಯಾಂಕ್ ಸಾಲಾಗಿ ನಿಂತಿರಬೇಕು, ಹಾಗಾಗಿ ಹಿಂದಿನ ಸಂಜೆಯೇ ಕಂಪ್ರೆಸರ್ ಶುರು.

ಯಂತ್ರ ಮೂರು ಸ್ಟೇಜಿನದು (ಗಾಳಿಯನ್ನು ಮೂರು ಹಂತದಲ್ಲಿ ಒತ್ತುವಂಥದ್ದು), ನಿಮಿಷಕ್ಕೆ 100 ಲೀಟರ್, 3 ಕಿಲೋವ್ಯಾಟ್ ತ್ರೀ ಫೇಸ್ ಮೋಟಾರ್, ಸ್ಪ್ಲಾಶ್ ಲೂಬ್ರಿಕೇಶನ್ (ಒಳಗಿನ ಎಣ್ಣೆಯನ್ನು ಎರಚಿ ನಯ ಮಾಡುವ ಬಗೆ). ಹೊಟ್ಟೆಯಲ್ಲಿ ಹಿಡಿಯುವುದು 350 ಮಿ.ಲೀ. ಎಣ್ಣೆ. ಕೈಪಿಡಿ ಹೇಳಿದ ಮಿನರಲ್ ಎಣ್ಣೆಯನ್ನೇ ಹಾಕುತ್ತಿದ್ದೇನೆ.

ಮಳೆಗಾಲ ಮುಗಿದು ಅಕ್ಟೋಬರಿನಲ್ಲಿ ಶುರು ಮಾಡಿದಾಗಿನಿಂದ ತೊಂದರೆ. ಮೊದಲು 60 ಗಂಟೆ ಓಡಿದರೂ ಎಣ್ಣೆ ಮೇಲಿನ ಗೆರೆಯಿಂದ ಕೆಳಗಿನ ಗೆರೆಗೆ ಬರುತ್ತಿರಲಿಲ್ಲ. ಈಗ 12 ಗಂಟೆಗೇ ಬರುತ್ತಿದೆ. ಗಾಳಿಯಿಂದ ಇಳಿದ ನೀರು ಬಸಿಯುವ ಡ್ರೈನ್ ತೆಗೆದರೆ ಕೆಲವು ದಿನ ಹಾಲು ಬಿಳಿ, ಕೆಲವು ದಿನ ಕಪ್ಪು ಕಾಫಿ. ಫಿಲ್ಟರ್ ಕಾರ್ಟ್ರಿಜ್ ಬಿಚ್ಚಿದರೆ ಸುಟ್ಟ ವಾಸನೆ.

ಯಂತ್ರ ಮಾರುವವರೊಬ್ಬರನ್ನು ಕೇಳಿದೆ. "ನಿಮ್ಮ ಕಡೆಯ ಸೆಖೆಗೆ ಸ್ಪ್ಲಾಶ್ ಆಗುವುದಿಲ್ಲ, ನಿಮಿಷಕ್ಕೆ 250 ಲೀಟರಿನ, ಪಂಪಿನಿಂದ ಎಣ್ಣೆ ಒತ್ತುವ ಪ್ರೆಶರ್ ಲೂಬ್ರಿಕೇಶನ್ ಯಂತ್ರ ಹಾಕಿ, ಎಣ್ಣೆ ಖರ್ಚಲ್ಲೇ ದುಡ್ಡು ವಾಪಸ್" ಅಂದರು. ಧಣಿಗಳು ನನ್ನ ಮುಖ ನೋಡುತ್ತಿದ್ದಾರೆ. ಇದು ಹೌದಾ?

ಮಸ್ಕತ್ ಮಾವ

ಯಂತ್ರದ ಮಾತು ಆಮೇಲೆ ತಮ್ಮಾ. ಕಪ್ಪು ನೀರು ಬಂದ ದಿನ ತುಂಬಿಸಿದ ಟ್ಯಾಂಕ್ ಇನ್ನೂ ಇದ್ದರೆ ಯಾರಿಗೂ ಕೊಡಬೇಡ, ಹೊರಗೆ ಬಿಟ್ಟುಬಿಡು. ಎಣ್ಣೆ ಅತಿಯಾಗಿ ಕಾದು ಒಡೆದರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ, ಅದಕ್ಕೆ ವಾಸನೆ ಇಲ್ಲ. ಯುರೋಪಿನ ಮಾನದಂಡ ಇಎನ್ 12021:2014ರ ಪ್ರಕಾರ ಉಸಿರಾಟದ ಗಾಳಿಯಲ್ಲಿ ಅದು 5 ಪಿಪಿಎಂ (ಹತ್ತು ಲಕ್ಷದಲ್ಲಿ 5 ಪಾಲು) ದಾಟಬಾರದು, ಎಣ್ಣೆ ಘನ ಮೀಟರಿಗೆ 0.5 ಮಿಲಿಗ್ರಾಂ ದಾಟಬಾರದು. ಮೇಲೆ 10 ಪಿಪಿಎಂ ಇದ್ದ ಗಾಳಿಯನ್ನು 20 ಮೀಟರ್ ಕೆಳಗೆ ಉಸಿರಾಡಿದರೆ ಮೈಗೆ ಅದು 30 ಪಿಪಿಎಂ ಇದ್ದ ಹಾಗೆ, ಅಲ್ಲಿ ಒತ್ತಡ 3 ಬಾರ್ ಅಲ್ಲವಾ. ಮೀಟರ್ ಇಲ್ಲದಿದ್ದರೆ ಯಾರ ಹತ್ತಿರವಾದರೂ ಎರವಲು ತಾ.

ಇನ್ನೊಂದು ವಿಷಯ. "ಕೆಲವು ದಿನ ಬಿಳಿ, ಕೆಲವು ದಿನ ಕಪ್ಪು" ಅಂದೆಯಲ್ಲ, ಎಣ್ಣೆ ಸೋರಲು ಬಿಡುವ ಸವೆದ ಪಿಸ್ಟನ್ ರಿಂಗು ದಿನ ನೋಡಿ ಕೆಲಸ ಮಾಡುವುದಿಲ್ಲ. ಲಾಗ್ ಪುಸ್ತಕ ಇಟ್ಟಿದ್ದೀಯಾ? ಕಪ್ಪು ಬಂದ ದಿನಗಳನ್ನು ಗುರುತು ಹಾಕಿ ಇಲ್ಲಿ ಬರೆ. ಎಣ್ಣೆ ಮಟ್ಟವನ್ನು ಯಾವಾಗ ನೋಡುತ್ತೀಯ, ಯಂತ್ರ ಓಡುವಾಗಲೋ ನಿಂತಾಗಲೋ?

ಡೀಸೆಲ್ ದಾಸ

ಇಷ್ಟೆಲ್ಲ ಯಾಕೆ? 20ಡಬ್ಲ್ಯೂ-40 ಇಂಜಿನ್ ಆಯಿಲ್ ಹಾಕಿ ನೋಡಿ. ನಮ್ಮ ಗ್ಯಾರೇಜಿನ ಕಂಪ್ರೆಸರ್ ಹತ್ತು ವರ್ಷದಿಂದ ಅದರಲ್ಲೇ ಓಡುತ್ತಿದೆ.

ಹ್ಯಾವ್ಲಾಕ್‌ವಾಸಿ

ದಾಸರೇ, ನಿಮ್ಮ ಕಂಪ್ರೆಸರಿನ ಗಾಳಿ ಕುಡಿಯುವುದು ಟಯರು. ಇದರದ್ದು ಮನುಷ್ಯರು ಮಾರಾಯ್ರೆ. ಇಂಜಿನ್ ಆಯಿಲಿನಲ್ಲಿ ಮಸಿ ತೊಳೆಯಲು ಡಿಟರ್ಜೆಂಟ್ ಸೇರಿಸಿರುತ್ತಾರೆ. ಅದು ನೀರನ್ನು ತಳಕ್ಕೆ ಇಳಿಯಲು ಬಿಡದೆ ಎಣ್ಣೆಯೊಳಗೇ ಹಿಡಿದುಕೊಳ್ಳುತ್ತದೆ. ಕರಾವಳಿ ಗಾಳಿಗೆ ಅದಕ್ಕಿಂತ ಕೆಟ್ಟದ್ದು ಬೇಡ. ಅದರ ಉಳಿದ ಸೇರ್ಪಡೆಗಳೂ ಉಸಿರಾಟಕ್ಕೆ ಲೆಕ್ಕ ಹಾಕಿ ಮಾಡಿದವಲ್ಲ.

ನೀರು ಎಷ್ಟು ಅಂತ ಒಮ್ಮೆ ನೋಡಿ. 31 ಡಿಗ್ರಿ ಸೆಖೆ, 80 ಶೇಕಡಾ ತೇವ ಇದ್ದರೆ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 25 ಗ್ರಾಂ ನೀರು. ನಿಮ್ಮ ಯಂತ್ರ ಗಂಟೆಗೆ 6 ಘನ ಮೀಟರ್ ಎಳೆಯುತ್ತದೆ, ಅಂದರೆ 150 ಗ್ರಾಂ. ಕಾಲು ಗಂಟೆಗೊಮ್ಮೆ ಡ್ರೈನ್ ಬಿಟ್ಟರೆ ಪ್ರತಿ ಸಲ ಅರ್ಧ ಚಹಾ ಲೋಟದಷ್ಟು ಬರಬೇಕು. ಅದು ಸ್ವಲ್ಪ ಎಣ್ಣೆ ಬೆರೆತು ಹಾಲಿನಂತೆ ಇದ್ದರೆ ಗಾಬರಿ ಬೇಡ, ಅದು ಸಹಜ. ಕಪ್ಪು ಸಹಜ ಅಲ್ಲ.

ನನ್ನ ಅನುಮಾನ ಗಾಳಿ ಎಳೆಯುವ ಪೈಪಿನ ಮೇಲೆ. ಅದರ ಬಾಯಿ ಎಲ್ಲಿದೆ?

ಬಂಡೆಮೀನು

ಮಾವ, ಎಣ್ಣೆ ನೋಡುವುದು ಯಂತ್ರ ಓಡುವಾಗಲೇ. ಕಡಿಮೆ ಕಂಡರೆ ನಿಲ್ಲಿಸಿ ಸ್ವಲ್ಪ ಹಾಕುತ್ತೇನೆ. ಒಂದು ಗುಟುಕು ಹೆಚ್ಚೇ ಇರಲಿ ಅಂತ ಮೇಲಿನ ಗೆರೆ ದಾಟಿಸಿದ್ದೂ ಉಂಟು.

ಲಾಗ್ ಪುಸ್ತಕ ಬಿಡಿಸಿ ಕೂತೆ. ಕಪ್ಪು ಬಂದದ್ದು ಒಟ್ಟು 9 ಸಂಜೆ. ಒಂಬತ್ತಕ್ಕೆ ಒಂಬತ್ತೂ ಕರೆಂಟ್ ಹೋಗಿ ಜನರೇಟರಿನಲ್ಲಿ ಓಡಿಸಿದ ಸಂಜೆಗಳು! ಈ ಸಲ ಮಳೆಗಾಲದಲ್ಲಿ ಹಳೆಯ ಬೋರ್ಡ್ ತುಕ್ಕು ಹಿಡಿದಿತ್ತು ಅಂತ ಹೊಸ ಚೇಂಜ್‌ಓವರ್ (ಕರೆಂಟಿನಿಂದ ಜನರೇಟರಿಗೆ ಬದಲಿಸುವ ಸ್ವಿಚ್) ಹಾಕಿಸಿದ್ದೆವು. ಜನರೇಟರ್ ಇರುವುದು ಶೆಡ್ಡಿನ ಹಿಂದೆ. ಪೈಪಿನ ಬಾಯಿಯೂ ಹಿಂದಿನ ಗೋಡೆಯಲ್ಲೇ, ನಾಲ್ಕು ಮೀಟರ್ ಆಚೆ. ಹಾಗಾದರೆ ಹೊಗೆ ಎಳೆಯುತ್ತಿದೆ ಅನ್ನಿ.

ಹ್ಯಾವ್ಲಾಕ್‌ವಾಸಿ

ಸಿಕ್ಕಿತು ನೋಡಿ. ಪೈಪನ್ನು ಇವತ್ತೇ ಸಮುದ್ರದ ಕಡೆಗೆ, ಎತ್ತರಕ್ಕೆ ಒಯ್ಯಿರಿ. ಗಾಳಿ ಬೀಸುವ ದಿಕ್ಕಿಗೆ ಮುಖ ಇರಲಿ.

ಮಸ್ಕತ್ ಮಾವ

ಪೈಪ್ ಒಯ್ಯಲೇಬೇಕು, ಒಪ್ಪಿದೆ. ಆದರೆ ಹೊಗೆ ಎಳೆದರೆ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ, ಎಣ್ಣೆ ಯಾಕೆ ಖಾಲಿಯಾಗುತ್ತದೆ? ನನಗೆ ಬೇರೆ ವಾಸನೆ ಬಡಿಯುತ್ತಿದೆ. ಹೊಸ ಚೇಂಜ್‌ಓವರ್ ಹಾಕಿದವರು ಜನರೇಟರ್ ಕಡೆಯ ಮೂರು ಫೇಸಿನಲ್ಲಿ ಎರಡನ್ನು ಅದಲು ಬದಲು ಮಾಡಿದ್ದರೆ ಮೋಟಾರ್ ಜನರೇಟರಿನಲ್ಲಿ ಮಾತ್ರ ಉಲ್ಟಾ ತಿರುಗುತ್ತದೆ. ಪಿಸ್ಟನ್ ಕಂಪ್ರೆಸರಿಗೆ ದಿಕ್ಕು ಗೊತ್ತಿಲ್ಲ, ಗಾಳಿ ಒತ್ತುತ್ತಲೇ ಇರುತ್ತದೆ, ಟ್ಯಾಂಕ್ ತುಂಬುತ್ತದೆ. ಆದರೆ ಫ್ಯಾನಿಗೆ ದಿಕ್ಕು ಗೊತ್ತು. ಅದರ ರೆಕ್ಕೆ ಒಂದು ದಿಕ್ಕಿಗೆ ಮಾಡಿದ್ದು. ಉಲ್ಟಾ ತಿರುಗಿದರೆ ಗಾಳಿ ಕಡಿಮೆ, ಅದೂ ಹಿಂದುಮುಂದಾಗಿ, ಬಿಸಿಯಾದ ಗಾಳಿಯೇ ಕೂಲರಿಗೆ. ಆಗ ಯಂತ್ರ ಅತಿಯಾಗಿ ಕಾದು ಎಣ್ಣೆ ಸುಡುತ್ತದೆ.

ಒಂದು ಟಿಶ್ಯೂ ಪೇಪರ್ ಚೂರನ್ನು ಗ್ರಿಲ್ ಮುಂದೆ ಹಿಡಿ. ಕರೆಂಟಿನಲ್ಲಿ ಒಮ್ಮೆ, ಜನರೇಟರಿನಲ್ಲಿ ಒಮ್ಮೆ. ಎರಡೇ ನಿಮಿಷ ಸಾಕು, ಟ್ಯಾಂಕ್ ಜೋಡಿಸಬೇಡ. ಬೆಲ್ಟ್ ಗಾರ್ಡ್ ಮೇಲೆ ಬಾಣದ ಗುರುತು ಇದ್ದರೆ ಅದನ್ನೂ ನೋಡು.

ಬಂಡೆಮೀನು

ಮಾವ, ಕಾಲಿಗೆ ಬಿದ್ದೆ. ಕರೆಂಟಿನಲ್ಲಿ ಪೇಪರ್ ಗ್ರಿಲ್‌ಗೆ ಅಂಟಿಕೊಂಡಿತು. ಜನರೇಟರಿನಲ್ಲಿ ಮುಖಕ್ಕೆ ಹಾರಿತು. ಬಾಣದ ಗುರುತು ಬಣ್ಣದಡಿ ಮುಚ್ಚಿಹೋಗಿತ್ತು, ಕೆರೆದು ನೋಡಿದೆ.

ಪಕ್ಕದವರ ಇನ್ಫ್ರಾರೆಡ್ ಥರ್ಮಾಮೀಟರ್ ತಂದು ಫಿಲ್ಟರ್ ಟವರ್ (ಕಾರ್ಟ್ರಿಜ್ ಕೂರುವ ಕೊಳವೆ) ಮೈ ಎಷ್ಟು ಬಿಸಿ ಅಂತ ಅಳೆದೆ. ಹೊರಗೆ 32 ಡಿಗ್ರಿ. ಕರೆಂಟಿನಲ್ಲಿ ಅರ್ಧ ಗಂಟೆ ಓಡಿಸಿದ ಮೇಲೆ 45. ಜನರೇಟರಿನಲ್ಲಿ ಅಷ್ಟೇ ಹೊತ್ತಿಗೆ 60. (ಗಾಳಿಯನ್ನು ಟ್ಯಾಂಕಿಗೆ ಕೊಡದೆ ಹೊರಗೆ ಬಿಟ್ಟೆ.) ಎಲೆಕ್ಟ್ರಿಷಿಯನ್ ಬಂದು ಎರಡು ವಯರ್ ಬದಲಿಸಿದ, ದುಡ್ಡು ತಗೊಳ್ಳಲಿಲ್ಲ. ಮೂರನೇ ಸ್ಟೇಜಿನ ವಾಲ್ವ್ ಬಿಚ್ಚಿದರೆ ದೋಸೆ ಕಾವಲಿಯ ಅಂಚಿನ ಹಾಗೆ ಕರಿ ಕಟ್ಟಿತ್ತು. ಹೊಸದು ಹಾಕಿದೆ. ಇನ್ನು ಪ್ರೆಶರ್ ಲೂಬ್ರಿಕೇಶನ್ ಯಂತ್ರದ ಮಾತು ಹೇಳಿ, ಧಣಿಗಳಿಗೆ ಉತ್ತರ ಕೊಡಬೇಕು.

ಮಸ್ಕತ್ ಮಾವ

ಸ್ಪ್ಲಾಶ್ ಅಂದರೆ ಕನೆಕ್ಟಿಂಗ್ ರಾಡ್ ಬುಡದಲ್ಲಿ ಒಂದು ಸಣ್ಣ ಸೌಟು. ಪ್ರತಿ ಸುತ್ತಿಗೂ ಎಣ್ಣೆಗೆ ಬಡಿದು ಎರಚುತ್ತದೆ. ಸೋವಿ, ಕೆಡುವಂಥದ್ದು ಏನಿಲ್ಲ. ಆದರೆ ಮಟ್ಟದ ವಿಷಯದಲ್ಲಿ ಮಡಿವಂತ. ಕಡಿಮೆಯಾದರೆ ಸೌಟಿಗೆ ಸಿಗುವುದಿಲ್ಲ, ಜಾಸ್ತಿಯಾದರೆ ಅತಿಯಾಗಿ ಎರಚಿ ರಿಂಗ್ ದಾಟಿ ಗಾಳಿಗೆ ಸೇರುತ್ತದೆ. ಓಡುವಾಗ ಎಣ್ಣೆ ಗೋಡೆಗೆಲ್ಲ ಹರಡಿರುವುದರಿಂದ ಗಾಜಿನಲ್ಲಿ ಕಡಿಮೆಯೇ ಕಾಣುವುದು. ನೀನು ಹಾಕಿದ ಆ "ಒಂದು ಗುಟುಕು" ಕೂಡ ಕಪ್ಪು ನೀರಿಗೆ ಪಾಲು ಕೊಟ್ಟಿದೆ. ಯಂತ್ರ ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು, ಸಮತಟ್ಟಾದ ನೆಲದಲ್ಲಿ ನೋಡಬೇಕು. ನೆಲ ಓರೆಯಿದ್ದರೂ ಇದೇ ಕಥೆ.

ಪ್ರೆಶರ್ ಲೂಬ್ರಿಕೇಶನ್ ಅಂದರೆ ಪಂಪ್ ಎಣ್ಣೆಯನ್ನು ಕೊನೆಯ ಸ್ಟೇಜಿನ ಸಣ್ಣ ಪಿಸ್ಟನ್‌ವರೆಗೆ ಒತ್ತಿ ಒಯ್ಯುತ್ತದೆ. ದಿನವಿಡೀ ಓಡುವ ದೊಡ್ಡ ಯಂತ್ರಕ್ಕೆ ಅದು ಬೇಕೇ ಬೇಕು, ಅಲ್ಲಿಗೆ ಎರಚಿದ ಹನಿ ಸಾಲುವುದಿಲ್ಲ. ಆದರೆ ಒಂದು ಯೋಚನೆ ಮಾಡು: ಗೇರ್ ಪಂಪ್ ಇರುವ ಯಂತ್ರ ಉಲ್ಟಾ ತಿರುಗಿದ್ದರೆ ಪಂಪ್ ಎಣ್ಣೆ ಎತ್ತುತ್ತಲೇ ಇರಲಿಲ್ಲ. ಒಂಬತ್ತು ಸಂಜೆ ಎಲ್ಲಿಯ ಮಾತು, ಮೊದಲ ಸಂಜೆಯೇ ಪಿಸ್ಟನ್ ಕಚ್ಚುತ್ತಿತ್ತು. ನಿನ್ನ ಬಡಪಾಯಿ ಸೌಟು ಎರಡೂ ದಿಕ್ಕಿಗೆ ಎರಚಿ ನಿನ್ನನ್ನು ಕಾಪಾಡಿದೆ.

ಹ್ಯಾವ್ಲಾಕ್‌ವಾಸಿ

ಹೊಗೆ ಅಂತ ಜಿಗಿದದ್ದು ನನ್ನ ಅವಸರ, ಒಪ್ಪಿದೆ. ಪ್ರಾಯಶ್ಚಿತ್ತಕ್ಕೆ ಲೆಕ್ಕ ಮಾಡಿಕೊಡುತ್ತೇನೆ. ಬೆಲೆಗಳನ್ನು ನಿಮ್ಮೂರಿನದ್ದೇ ಹಾಕಿಕೊಳ್ಳಿ.

ಅಕ್ಟೋಬರಿನಿಂದ ಮೇವರೆಗೆ ದೋಣಿ ಹೋಗುವ ದಿನ 150 ಅಂದುಕೊಳ್ಳೋಣ. ದಿನಕ್ಕೆ 16, ಒಟ್ಟು 2,400 ಟ್ಯಾಂಕ್. 11.1 ಲೀಟರಿನ ಅಲ್ಯೂಮಿನಿಯಂ ಟ್ಯಾಂಕ್ 50 ಬಾರಿನಲ್ಲಿ ವಾಪಸ್ ಬಂದರೆ 200ಕ್ಕೆ ಏರಿಸಲು 1,665 ಲೀಟರ್ ಗಾಳಿ. ಸೀಸನ್ನಿಗೆ ಸುಮಾರು 4,000 ಘನ ಮೀಟರ್. ನಿಮ್ಮ ಯಂತ್ರಕ್ಕೆ ಅದು 667 ಗಂಟೆ, 250 ಲೀಟರಿನದಕ್ಕೆ 267 ಗಂಟೆ.

ಎಣ್ಣೆ: ನಿಮ್ಮ ಕೈಪಿಡಿಯಲ್ಲಿ 250 ಗಂಟೆಗೊಮ್ಮೆ ಬದಲಿಸಿ ಅಂತಿದ್ದರೆ ಸೀಸನ್ನಿಗೆ ಮೂರು ಸಲ, ಒಂದು ಲೀಟರ್ ಚಿಲ್ಲರೆ. ದೊಡ್ಡ ಯಂತ್ರದ ಹೊಟ್ಟೆಯೂ ದೊಡ್ಡದು. ಜರ್ಮನಿಯ ಕಂಪ್ರೆಸರ್ ಕಂಪನಿ ಬಾವರ್‌ನವರ ಕೈಪಿಡಿಯ ರೂಢಿ ಮಿನರಲ್ ಎಣ್ಣೆಗೆ 1,000 ಗಂಟೆ ಅಥವಾ ಒಂದು ವರ್ಷ, ಸಿಂಥೆಟಿಕ್‌ಗೆ 2,000 ಗಂಟೆ ಅಥವಾ ಎರಡು ವರ್ಷ. ನಿಮಗೆ ಗಂಟೆಗಿಂತ ಮೊದಲು ವರ್ಷವೇ ಮುಗಿಯುತ್ತದೆ. ಒಂದೇ ಸಲ ಹಾಕಿದರೂ ಒಂದೆರಡು ಲೀಟರ್ ಹೋಯಿತು. "ಎಣ್ಣೆ ಖರ್ಚಲ್ಲೇ ದುಡ್ಡು ವಾಪಸ್" ಅನ್ನುವುದು ಗಾಳಿ ಮಾತು.

ಕರೆಂಟ್: 3 ಕಿಲೋವ್ಯಾಟ್ 667 ಗಂಟೆಗೆ 2,000 ಯೂನಿಟ್. 5.5 ಕಿಲೋವ್ಯಾಟ್ 267 ಗಂಟೆಗೆ 1,470. ಉಳಿತಾಯ ಇದೆ, ಆದರೆ ಆ 530 ಯೂನಿಟ್‌ಗಾಗಿ ಯಾರೂ ಕಂಪ್ರೆಸರ್ ಕೊಳ್ಳುವುದಿಲ್ಲ. ಜನರೇಟರ್ ಕೂಡ ದೊಡ್ಡದು ಬೇಕಾದೀತು.

ಈಗ ನಿಜವಾಗಿ ದುಡ್ಡು ಸೋರುವ ಜಾಗಕ್ಕೆ ಬನ್ನಿ, ಫಿಲ್ಟರ್. ನಿಮ್ಮಂಥ ಸಣ್ಣ ಕಾರ್ಟ್ರಿಜ್‌ನಲ್ಲಿ 150 ಗ್ರಾಂ ಮಾಲಿಕ್ಯುಲರ್ ಸೀವ್ (ತೇವ ಹೀರುವ ಕಾಳು) ಇದೆ ಅಂದುಕೊಳ್ಳಿ. ತನ್ನ ತೂಕದ ಐದನೇ ಒಂದು ಪಾಲು, ಅಂದರೆ 30 ಗ್ರಾಂ ನೀರು ಹಿಡಿಯುತ್ತದೆ. 200 ಬಾರಿನಲ್ಲಿ ಟವರ್ 45 ಡಿಗ್ರಿ ಇದ್ದರೆ ಡ್ರೈನ್ ತಪ್ಪಿಸಿ ಬರುವ ಆವಿ ಘನ ಮೀಟರಿಗೆ ಸುಮಾರು 0.33 ಗ್ರಾಂ. 60 ಡಿಗ್ರಿಯಾದರೆ 0.65. ಮೊದಲನೆಯದರಲ್ಲಿ ಒಂದು ಕಾರ್ಟ್ರಿಜ್‌ಗೆ 54 ಟ್ಯಾಂಕ್, ಎರಡನೆಯದರಲ್ಲಿ 28. ಸೀಸನ್ ಪೂರ್ತಿ ಹಾಗೆ ಓಡಿಸಿದರೆ 44 ಕಾರ್ಟ್ರಿಜ್ ಎಲ್ಲಿ, 87 ಎಲ್ಲಿ! ಸೀವ್ ನೆನೆದ ಮೇಲೆ ಹಾಪ್‌ಕಲೈಟ್ ಕೂಡ ಸಾಯುತ್ತದೆ. ಕಾರ್ಬನ್ ಮೊನಾಕ್ಸೈಡ್ ತಡೆಯುವುದು ಅದೇ, ಮತ್ತು ಅದಕ್ಕೆ ಒಣ ಗಾಳಿಯೇ ಬೇಕು.

ಹಾಗಾಗಿ ನನ್ನ ಮಾತು: ಮೊದಲು ನಾಲ್ಕು ಪಟ್ಟು ದೊಡ್ಡ ಫಿಲ್ಟರ್ ಟವರ್ ಹಾಕಿಸಿ, ಅದನ್ನು ಶೆಡ್ಡಿನ ತಂಪು ಮೂಲೆಯಲ್ಲಿ ನಿಲ್ಲಿಸಿ. ದೊಡ್ಡ ಯಂತ್ರ ಬೇಕಾದರೆ ಗಂಟೆಗಳಿಗಾಗಿ ತಗೊಳ್ಳಿ. ಈಗ ದಿನಾ ನಾಲ್ಕೂವರೆ ಗಂಟೆ ಕಾಯುತ್ತೀರಿ, ಅದು ಎರಡಕ್ಕೆ ಇಳಿಯುತ್ತದೆ. ಸಣ್ಣ ಯಂತ್ರಕ್ಕೆ ವರ್ಷಕ್ಕೆ 667 ಗಂಟೆ ಹೊರೆಯೇ ಹೌದು.

ಡೀಸೆಲ್ ದಾಸ

ಎಣ್ಣೆಯೇ ಇಲ್ಲದ ಕಂಪ್ರೆಸರ್ ಬರುತ್ತದಂತಲ್ಲ, ಅದನ್ನು ತಗೊಂಡರೆ ಈ ತಲೆನೋವೇ ಇಲ್ಲವಲ್ಲ?

ಮಸ್ಕತ್ ಮಾವ

ಬರುತ್ತದೆ, ಅಮೆರಿಕದ ರಿಕ್ಸ್‌ನವರದ್ದು. ಟೆಫ್ಲಾನ್ ಜಾತಿಯ ರಿಂಗು, ಗಾಳಿಗೆ ಎಣ್ಣೆ ಸೇರುವ ಪ್ರಶ್ನೆಯೇ ಇಲ್ಲ. ನೈಟ್ರಾಕ್ಸ್‌ಗೆ (ಆಮ್ಲಜನಕ ಹೆಚ್ಚಿಸಿದ ಡೈವಿಂಗ್ ಗಾಳಿ) ಆಮ್ಲಜನಕ ಬೆರೆಸುವವರಿಗೆ ಚೆನ್ನ, ಅಲ್ಲಿ ಎಣ್ಣೆ ಘನ ಮೀಟರಿಗೆ 0.1 ಮಿಲಿಗ್ರಾಂ ಒಳಗಿರಬೇಕು. ಆದರೆ ರಿಂಗು ಸವೆಯುತ್ತದೆ, ಬದಲಿಸುತ್ತಿರಬೇಕು. ಎಣ್ಣೆ ಪದರ ಇಲ್ಲದ ಲೋಹಕ್ಕೆ ಉಪ್ಪು ಗಾಳಿ ಬೇಗ ಮೆತ್ತುತ್ತದೆ. ನೀರು ಅಷ್ಟೇ ಬರುತ್ತದೆ, ಹೊಗೆ ಎಳೆದರೆ ಹೊಗೆಯೂ ಅಷ್ಟೇ. ಮುರುಡೇಶ್ವರದಲ್ಲಿ ಬಿಡಿಭಾಗ ಕಾಯುತ್ತ ಸೀಸನ್ ಕಳೆಯುವುದು ಬೇಡ.

ತಮ್ಮಾ, ಈಗಿನ ಹುಮ್ಮಸ್ಸಿನಲ್ಲಿ ಸಿಂಥೆಟಿಕ್‌ಗೆ ಹಾರಬೇಡ. ಡೈಎಸ್ಟರ್ ಜಾತಿಯದಾದರೆ ಹಳೆಯ ಕರಿಯನ್ನೆಲ್ಲ ಕಿತ್ತು ತರುತ್ತದೆ, ಕೆಲವು ರಬ್ಬರ್ ಸೀಲು, ಪಿವಿಸಿ, ಪೇಂಟನ್ನೂ ಮೆತ್ತಗೆ ಮಾಡುತ್ತದೆ. ಮಿನರಲ್‌ನಲ್ಲೇ 100 ಗಂಟೆ ಓಡಿಸಿ ಬಸಿದು ನೋಡು. ಎಣ್ಣೆ ಖರ್ಚು ಹಳೆಯ ಲೆಕ್ಕಕ್ಕೆ ಬಂದರೆ ರಿಂಗು ಬಚಾವ್.

ಬಂಡೆಮೀನು

ಮೂರು ವಾರದ ವರದಿ. 70 ಗಂಟೆ ಓಡಿದೆ, ಅದರಲ್ಲಿ ನಾಲ್ಕು ಸಂಜೆ ಜನರೇಟರ್. ಎಣ್ಣೆ ಇನ್ನೂ ಕೆಳಗಿನ ಗೆರೆ ಮುಟ್ಟಿಲ್ಲ. ಒಂದೇ ಒಂದು ದಿನವೂ ಕಪ್ಪು ಬರಲಿಲ್ಲ. ಎರವಲು ತಂದ ಮೀಟರಿನಲ್ಲಿ ಕಾರ್ಬನ್ ಮೊನಾಕ್ಸೈಡ್ ಸೊನ್ನೆ, ಎರಡು ಸಲ ನೋಡಿದೆ. ಧಣಿಗಳು ಫಿಲ್ಟರ್ ಟವರ್‌ಗೆ ಹೂಂ ಅಂದರು, ದೊಡ್ಡ ಯಂತ್ರ ಮುಂದಿನ ಅಕ್ಟೋಬರಿಗೆ ನೋಡೋಣ ಅಂದರು. ಫೇಸ್ ಉಲ್ಟಾ ಆದರೆ ಮೋಟಾರ್ ಶುರುವಾಗದಂತೆ ತಡೆಯುವ ರಿಲೇ ಒಂದನ್ನು ಬೋರ್ಡಿಗೆ ಹಾಕಿಸಿದ್ದೇನೆ. ಆದರೂ ಟಿಶ್ಯೂ ಪೇಪರ್ ಚೂರನ್ನು ಗ್ರಿಲ್‌ಗೆ ದಾರ ಕಟ್ಟಿ ನೇತುಹಾಕಿದ್ದೇನೆ, ದಿನಾ ಅದರ ಮುಖ ನೋಡಿಯೇ ಮೊದಲ ಟ್ಯಾಂಕ್ ಜೋಡಿಸುವುದು.